ಬ್ವಿಂಡಿ ಕಾಡಿನ ಗೊರಿಲ್ಲಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡುಪ್ರಾಣಿಗಳ ಸುದ್ದಿ ಅಂದರೆ ಹೆಚ್ಚಾಗಿ ಕೆಟ್ಟ ಸುದ್ದಿಯೇ ಇರುತ್ತದೆ. ಉಗಾಂಡದ ಬ್ವಿಂಡಿಯಿಂದ ಮಾತ್ರ ಒಳ್ಳೆಯ ಸುದ್ದಿ ಬಂದಿದೆ. ಅಲ್ಲಿ ಬೆಟ್ಟದ ಗೊರಿಲ್ಲಾಗಳು ಜಾಸ್ತಿಯಾಗಿವೆ. ಹೇಗೆ ಜಾಸ್ತಿಯಾದವು, ಅದಕ್ಕೆ ಯಾರು ಬೆಲೆ ಕೊಟ್ಟರು, ಇನ್ನೂ ಭಯ ಯಾಕಿದೆ ಎಂದು ತುಂಬಾ ಜನ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬ್ವಿಂಡಿ ಎಲ್ಲಿದೆ? ಎಂಥಾ ಕಾಡು ಅದು?

ಉಗಾಂಡದ ನೈಋತ್ಯ ಮೂಲೆಯಲ್ಲಿ, ಕಾಂಗೋ ದೇಶದ ಗಡಿಗೆ ತಾಗಿಕೊಂಡಿದೆ. ವಿಸ್ತೀರ್ಣ ಸುಮಾರು 330 ಚದರ ಕಿ.ಮೀ. ಅಂದರೆ ನಮ್ಮ ನಾಗರಹೊಳೆಯ ಅರ್ಧದಷ್ಟು. ತಗ್ಗಿನ ಜಾಗ 1,160 ಮೀಟರ್ ಎತ್ತರದಲ್ಲಿದ್ದರೆ ತುದಿ 2,607 ಮೀಟರ್, ಮುಳ್ಳಯ್ಯನಗಿರಿಗಿಂತ ಮೇಲೆ. ನಡುವೆ ಎಲ್ಲಾ ಕಡಿದಾದ ಗುಡ್ಡ, ಕಣಿವೆ, ಬಳ್ಳಿ, ಜರಿಗಿಡ. ನುಗ್ಗಲಾಗದ ಕಾಡು ಎಂಬ ಅರ್ಥದ ಹೆಸರನ್ನೇ ಇಂಗ್ಲಿಷಿನವರು ಇದಕ್ಕೆ ಇಟ್ಟರು.

1932ರಲ್ಲಿ ಇದು ಮೀಸಲು ಅರಣ್ಯವಾಯಿತು, 1991ರಲ್ಲಿ ರಾಷ್ಟ್ರೀಯ ಉದ್ಯಾನ. 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಲ್ಲಿ ಕಾಡಿಗೂ ಊರಿಗೂ ನಡುವೆ ಬಯಲು ಅನ್ನುವುದು ಹೆಚ್ಚಿನ ಕಡೆ ಇಲ್ಲವೇ ಇಲ್ಲ. ಮರಗಳು ಮುಗಿದ ಕಡೆಯೇ ಬಾಳೆ ತೋಟ, ಗೆಣಸಿನ ಹೊಲ, ಮನೆ. ಆಫ್ರಿಕಾದಲ್ಲಿ ಅತಿ ಹೆಚ್ಚು ಜನ ತುಂಬಿದ ಹಳ್ಳಿಗಾಡುಗಳಲ್ಲಿ ಇದೂ ಒಂದು. ಮುಂದೆ ಹೇಳುವುದೆಲ್ಲ ಅರ್ಥವಾಗಬೇಕಾದರೆ ಇದೊಂದು ಚಿತ್ರ ಮನಸ್ಸಿನಲ್ಲಿರಲಿ.

ಎಷ್ಟು ಗೊರಿಲ್ಲಾಗಳಿವೆ?

2018ರಲ್ಲಿ ಬ್ವಿಂಡಿಯನ್ನೂ ಅದಕ್ಕೆ ಅಂಟಿಕೊಂಡ ಕಾಂಗೋ ಕಡೆಯ ಸರಾಂಬ್ವೆ ಕಾಡನ್ನೂ ಸೇರಿಸಿ ಎಣಿಸಿದಾಗ 459 ಸಿಕ್ಕವು. 50 ಗುಂಪುಗಳು, ಜೊತೆಗೆ ಒಂಟಿಯಾಗಿ ತಿರುಗುವ 13 ಗಂಡುಗಳು. ಬೆಟ್ಟದ ಗೊರಿಲ್ಲಾಗಳು ಇರುವ ಇನ್ನೊಂದೇ ಜಾಗ ಎಂದರೆ ವಿರುಂಗಾ ಜ್ವಾಲಾಮುಖಿ ಬೆಟ್ಟಗಳು. ರುವಾಂಡಾ, ಕಾಂಗೋ, ಉಗಾಂಡ ಮೂರೂ ದೇಶಗಳು ಅಲ್ಲಿ ಸೇರುತ್ತವೆ. 2015–16ರ ಎಣಿಕೆಯಲ್ಲಿ ಅಲ್ಲಿ 604 ಇದ್ದವು. ಎರಡನ್ನೂ ಕೂಡಿದರೆ 1,063.

ಇಡೀ ಪ್ರಪಂಚದಲ್ಲಿ ಇಷ್ಟೇ. ನಮ್ಮೂರಿನ ಒಂದು ಮದುವೆಗೆ ಇದಕ್ಕಿಂತ ಜಾಸ್ತಿ ಜನ ಊಟಕ್ಕೆ ಕೂರುತ್ತಾರೆ.

ಎರಡು ಕಾಡುಗಳ ನಡುವೆ ಇರುವ ದೂರ ಸುಮಾರು 25 ಕಿ.ಮೀ. ಆದರೆ ಆ 25 ಕಿ.ಮೀ ಪೂರ್ತಿ ಊರು, ಹೊಲ. ಇಲ್ಲಿನ ಗೊರಿಲ್ಲಾ ಅಲ್ಲಿಗೆ ಹೋಗುವಂತಿಲ್ಲ, ಅಲ್ಲಿನದು ಇಲ್ಲಿಗೆ ಬರುವಂತಿಲ್ಲ. ಎರಡೂ ದ್ವೀಪಗಳೇ.

ಅಷ್ಟು ದಟ್ಟ ಕಾಡಿನಲ್ಲಿ ಎಣಿಸುವುದು ಹೇಗೆ?

ಗೊರಿಲ್ಲಾಗಳನ್ನು ನೋಡಿ ಎಣಿಸುವುದಿಲ್ಲ. ಅವುಗಳ ಹಾಸಿಗೆಯನ್ನು ಹುಡುಕುತ್ತಾರೆ.

ಪ್ರತಿ ಗೊರಿಲ್ಲಾ ಪ್ರತಿ ಸಂಜೆ ಸೊಪ್ಪು, ಕೊಂಬೆ ಮಡಚಿ ಹೊಸ ಗೂಡು ಮಾಡಿಕೊಂಡು ಮಲಗುತ್ತದೆ. ಹಳೆಯದಕ್ಕೆ ವಾಪಸ್ ಬರುವುದು ತೀರಾ ಅಪರೂಪ. ಸಣ್ಣ ಮರಿಗಳು ತಾಯಿಯ ಗೂಡಿನಲ್ಲೇ ಮಲಗುತ್ತವೆ. ಬೆಳಗ್ಗೆ ಎದ್ದಾಗ ಗೂಡಿನಲ್ಲೋ ಪಕ್ಕದಲ್ಲೋ ಲದ್ದಿ ಹಾಕಿ ಹೊರಡುತ್ತವೆ. ಎಣಿಸುವವರಿಗೆ ಬೇಕಾದದ್ದು ಅದೇ. ಲದ್ದಿಯ ಗಾತ್ರ ನೋಡಿದರೆ ದೊಡ್ಡ ಗಂಡೋ, ಹೆಣ್ಣೋ, ಮರಿಯೋ ಎಂದು ಒಂದು ಅಂದಾಜು ಸಿಗುತ್ತದೆ. ಅದರ ಚೂರನ್ನು ತೆಗೆದುಕೊಂಡು ಪ್ರಯೋಗಾಲಯಕ್ಕೆ ಕಳಿಸಿದರೆ ಡಿಎನ್ಎ ಸಿಗುತ್ತದೆ.

ಈ ಡಿಎನ್ಎ ಯಾಕೆ ಮುಖ್ಯ ಅನ್ನುವುದು 2006ರಲ್ಲಿ ಗೊತ್ತಾಯಿತು. ಆ ವರ್ಷ ಗೂಡುಗಳ ಲೆಕ್ಕದಲ್ಲಿ ಬ್ವಿಂಡಿಯಲ್ಲಿ 336 ಗೊರಿಲ್ಲಾಗಳು ಎಂದು ಬಂತು. ಲದ್ದಿಯ ಡಿಎನ್ಎ ನೋಡಿದಾಗ ಇದ್ದದ್ದು 302. ಕೆಲವು ಗೊರಿಲ್ಲಾಗಳು ಒಂದೇ ರಾತ್ರಿ ಒಂದಕ್ಕಿಂತ ಹೆಚ್ಚು ಗೂಡು ಮಾಡಿದ್ದವು! ಗೂಡಿಗೊಂದು ಗೊರಿಲ್ಲಾ ಎಂದು ನಂಬಿ ಎಣಿಸಿದ್ದರೆ ಇಲ್ಲದ 34 ಪ್ರಾಣಿಗಳು ಕಾಗದದ ಮೇಲೆ ಬದುಕಿರುತ್ತಿದ್ದವು.

2011ರಲ್ಲಿ ಮತ್ತು 2018ರಲ್ಲಿ ಒಂದು ಸಲ ಅಲ್ಲ, ಎರಡು ಸಲ ಇಡೀ ಕಾಡನ್ನು ಜಾಲಾಡಿದರು. ಮೊದಲ ಸಲ ತಪ್ಪಿಸಿಕೊಂಡ ಗುಂಪು ಎರಡನೇ ಸಲ ಸಿಗುತ್ತದೆ. 2011ರಲ್ಲಿ 400 ಬಂತು, 2018ರಲ್ಲಿ 459. ಇಲ್ಲಿ ಒಂದು ಮಾತು ಹೇಳಲೇಬೇಕು. 302ರಿಂದ 459ಕ್ಕೆ ಏರಿದ್ದೆಲ್ಲ ಹೊಸದಾಗಿ ಹುಟ್ಟಿದ ಮರಿಗಳಲ್ಲ. ಹುಡುಕುವ ರೀತಿ ಸುಧಾರಿಸಿದ್ದರಿಂದಲೂ ಲೆಕ್ಕ ಏರಿದೆ. ಇದನ್ನು ಎಣಿಸಿದವರೇ ಹೇಳಿದ್ದಾರೆ. ಅದಕ್ಕೇ ನನಗೆ ಈ ಎಣಿಕೆಯ ಮೇಲೆ ನಂಬಿಕೆ ಜಾಸ್ತಿ.

ಸಂಖ್ಯೆ ಏರಿದೆ ಅಂದಮೇಲೆ ಇನ್ನೂ ಅಪಾಯದ ಪಟ್ಟಿಯಲ್ಲಿ ಯಾಕಿವೆ?

2018ರ ನವೆಂಬರ್‌ನಲ್ಲಿ ಅಳಿವಿನಂಚಿನ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆಯವರು ಬೆಟ್ಟದ ಗೊರಿಲ್ಲಾವನ್ನು ‘ತೀವ್ರ ಅಪಾಯ’ದ ಹಂತದಿಂದ ಒಂದು ಮೆಟ್ಟಿಲು ಇಳಿಸಿ ‘ಅಪಾಯ’ದ ಹಂತದಲ್ಲಿ ಇಟ್ಟರು. ದೊಡ್ಡ ವಾನರಗಳಲ್ಲಿ ಇಂಥ ಸುದ್ದಿ ಬೇರೆ ಇಲ್ಲ. ಆದರೆ ಅಪಾಯ ಹೋಗಿಲ್ಲ.

ಇಲ್ಲಿ ಒಂದು ವಿಚಿತ್ರ ಇದೆ. ಪಶ್ಚಿಮದ ತಗ್ಗುನಾಡಿನ ಗೊರಿಲ್ಲಾಗಳು ಮೂರು ಲಕ್ಷಕ್ಕೂ ಜಾಸ್ತಿ ಇವೆ ಎಂಬ ಅಂದಾಜಿದೆ. ಆದರೂ ಅವು ಇನ್ನೂ ‘ತೀವ್ರ ಅಪಾಯ’ದಲ್ಲೇ ಇವೆ. ಬೇಟೆ, ಎಬೋಲಾ ಎರಡರಿಂದ ಅವು ಬೇಗ ಬೇಗ ಕಡಿಮೆಯಾಗುತ್ತಿರುವುದೇ ಕಾರಣ. ಸಾವಿರದಷ್ಟೇ ಇರುವ ಬೆಟ್ಟದ ಗೊರಿಲ್ಲಾಗಳ ದಾರಿ ಮೇಲಕ್ಕಿದೆ. ಎಷ್ಟಿವೆ ಅನ್ನುವುದರ ಜೊತೆಗೆ ಯಾವ ಕಡೆ ಹೋಗುತ್ತಿವೆ ಅನ್ನುವುದನ್ನೂ ನೋಡಬೇಕು.

ಇನ್ನೊಂದು ವಿಷಯ ಹೆರಿಗೆ. ಹೆಣ್ಣು ಗೊರಿಲ್ಲಾಗೆ ಮೊದಲ ಮರಿ ಆಗುವುದು ಸುಮಾರು ಹತ್ತನೇ ವಯಸ್ಸಿಗೆ. ಗರ್ಭ ಎಂಟೂವರೆ ತಿಂಗಳು. ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಸುಮಾರು ನಾಲ್ಕು ವರ್ಷ. ಒಂದು ಕಾಯಿಲೆ ಒಂದು ಗುಂಪನ್ನು ಹೊಡೆದರೆ ಅದು ತುಂಬಿಕೊಳ್ಳಲು ಹತ್ತಾರು ವರ್ಷ ಬೇಕು.

ಬ್ವಿಂಡಿಯಲ್ಲಿ ಚಿಂಪಾಂಜಿಗಳೂ ಇವೆಯಾ?

ಇವೆ. ಬೆಟ್ಟದ ಗೊರಿಲ್ಲಾ, ಚಿಂಪಾಂಜಿ ಎರಡೂ ಒಟ್ಟಿಗೆ ಇರುವ ಕಾಡು ಎಂದೇ ಬ್ವಿಂಡಿ ಹೆಸರಾಗಿದೆ. ವಿರುಂಗಾದ ಗೊರಿಲ್ಲಾಗಳು ಎತ್ತರದ ತಣ್ಣನೆ ಜಾಗದಲ್ಲಿ ಹೆಚ್ಚಾಗಿ ಎಲೆ, ದಂಟು ತಿಂದು ಬದುಕುತ್ತವೆ. ಬ್ವಿಂಡಿಯವಕ್ಕೆ ಹಣ್ಣು ಸಿಗುತ್ತದೆ, ಮರವನ್ನೂ ಜಾಸ್ತಿ ಹತ್ತುತ್ತವೆ. ಹಾಗಾಗಿ ಒಂದೇ ಹಣ್ಣಿನ ಮರಕ್ಕೆ ಎರಡೂ ಬರುತ್ತವೆ. ಚಿಂಪಾಂಜಿಗಳ ಬಗ್ಗೆ ಇಲ್ಲಿ ಗೊರಿಲ್ಲಾಗಳಷ್ಟು ಕೆಲಸ ನಡೆದಿಲ್ಲ. ದುಡ್ಡು, ಗಮನ ಎಲ್ಲ ಗೊರಿಲ್ಲಾಗಳ ಕಡೆಗೇ ಹೋಗಿದೆ. ಅದು ಬೇಸರದ ವಿಷಯವೇ. ಚಿಂಪಾಂಜಿಯೂ ಅಪಾಯದ ಪಟ್ಟಿಯಲ್ಲಿರುವ ಪ್ರಾಣಿ ತಾನೇ?

ಗೊರಿಲ್ಲಾಗಳನ್ನು ಬೇಟೆಯಾಡುತ್ತಾರಾ?

ಬ್ವಿಂಡಿಯ ಸುತ್ತ ಗೊರಿಲ್ಲಾ ಮಾಂಸ ತಿನ್ನುವ ರೂಢಿ ಇಲ್ಲ. ಜನ ಉರುಳು ಹಾಕುವುದು ಸಣ್ಣ ಕಾಡುಕುರಿಗೆ, ಕಾಡುಹಂದಿಗೆ. ಆದರೆ ಉರುಳಿಗೆ ಯಾರ ಕೈ ಯಾರ ಕಾಲು ಎಂದು ಗೊತ್ತಾಗುವುದಿಲ್ಲ. ಗೊರಿಲ್ಲಾ ಮರಿಗಳೂ ಸಿಕ್ಕಿಹಾಕಿಕೊಳ್ಳುತ್ತವೆ.

2020ರ ಜೂನ್‌ನಲ್ಲಿ ರಫೀಕಿ ಎಂಬ ಗೊರಿಲ್ಲಾ ಸತ್ತಿದ್ದು ಹೀಗೆ ಸಣ್ಣ ಬೇಟೆಗೆ ಹೋದವನ ಈಟಿಯಿಂದ. ರಫೀಕಿ ನ್ಕುರಿಂಗೋ ಗುಂಪಿನ ಯಜಮಾನ. ಬೆನ್ನಿನ ಮೇಲೆ ಬೆಳ್ಳಿ ಕೂದಲು ಬಂದ, ಸುಮಾರು 25 ವರ್ಷದ ಗಂಡು. 17 ಗೊರಿಲ್ಲಾಗಳ ಗುಂಪು ಅವನ ಹಿಂದೆ ನಡೆಯುತ್ತಿತ್ತು. ಅದು ಮೈಮೇಲೆ ಬಂತು, ಜೀವ ಉಳಿಸಿಕೊಳ್ಳಲು ಚುಚ್ಚಿದೆ ಎಂದು ಬೇಟೆಗಾರ ಹೇಳಿದ. ಅವನಿಗೆ 11 ವರ್ಷ ಜೈಲಾಯಿತು.

ಯಜಮಾನ ಸತ್ತರೆ ಸಾಯುವುದು ಒಂದೇ ಜೀವ ಅಲ್ಲ. ಮುಂದೆ ನಿಲ್ಲುವ ಗಂಡು ಇಲ್ಲದಿದ್ದರೆ ಗುಂಪು ಚೆದುರಬಹುದು. ಹೊರಗಿನ ಗಂಡು ಬಂದು ಮರಿಗಳನ್ನು ಕೊಲ್ಲಬಹುದು. ರಫೀಕಿಯ ಗುಂಪಿನಲ್ಲಿ ಇನ್ನೊಂದು ಗಂಡು ಮುಂದೆ ನಿಂತಿತು, ಗುಂಪು ಉಳಿಯಿತು.

ಆ ತಿಂಗಳು ಯಾವುದು ನೋಡಿ. ಕೋವಿಡ್‌ನಿಂದ ಪ್ರವಾಸ ನಿಂತಿತ್ತು. ಗೈಡು, ಕೂಲಿ, ಹೋಟೆಲು, ಅಂಗಡಿ ಯಾವುದರಲ್ಲೂ ದುಡಿಮೆ ಇರಲಿಲ್ಲ. ಹಸಿದ ಮನೆಯಿಂದ ಕಾಡಿಗೆ ಕಾಲುದಾರಿ ತುಂಬಾ ಹತ್ತಿರ.

ಹಾಗಾದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಯಾವುದು?

ನನ್ನನ್ನು ಕೇಳಿದರೆ, ನಮ್ಮ ಕೆಮ್ಮು, ನೆಗಡಿ.

ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಅಲ್ಲಿಂದ ನಮಗೆ ಕಾಡಿನ ಕಾಯಿಲೆಯೆಂದರೆ ಭಯ. ಬ್ವಿಂಡಿಯಲ್ಲಿ ಭಯ ತಿರುಗುಮುರುಗು. ಅಲ್ಲಿ ಕಾಯಿಲೆ ಊರಿನಿಂದ ಕಾಡಿಗೆ ಹೋಗುತ್ತದೆ. ಗೊರಿಲ್ಲಾ ನಮಗೆ ಅಷ್ಟು ಹತ್ತಿರದ ನೆಂಟ. ನಮಗೆ ಎರಡು ದಿನದ ಶೀತ ಆದದ್ದು ಅವಕ್ಕೆ ನ್ಯುಮೋನಿಯಾ ಆಗಬಹುದು, ಸಾವೂ ಬರಬಹುದು.

1996ರಲ್ಲಿ ಬ್ವಿಂಡಿಯ ಒಂದು ಗುಂಪಿಗೆ ಕಜ್ಜಿ ಹತ್ತಿತು. ಕೂದಲು ಉದುರಿತು, ಚರ್ಮ ಬಿರಿಯಿತು. ಒಂದು ಮರಿ ಸತ್ತೇಹೋಯಿತು. ಉಳಿದವು ಔಷಧದಿಂದ ಚೇತರಿಸಿಕೊಂಡವು. ಚಿಕಿತ್ಸೆ ಕೊಟ್ಟವರು ಗ್ಲಾಡಿಸ್ ಕಲೇಮಾ-ಜಿಕುಸೋಕಾ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಯುವ ಪಶುವೈದ್ಯೆ. ಕಜ್ಜಿ ಎಲ್ಲಿಂದ ಬಂತು ಎಂದು ಹುಡುಕಿದಾಗ ಅನುಮಾನ ಹೋದದ್ದು ಹೊಲದ ಬೆರ್ಚಪ್ಪಗಳ ಕಡೆ. ಬೆರ್ಚಪ್ಪನಿಗೆ ಹಾಕುವುದು ಮನೆಯ ಹಳೇ ಬಟ್ಟೆ ಅಲ್ವಾ? ಬಾಳೆ ತಿನ್ನಲು ಹೊಲಕ್ಕೆ ಬಂದ ಗೊರಿಲ್ಲಾಗಳು ಆ ಬಟ್ಟೆಯನ್ನು ಮುಟ್ಟಿದ್ದವು. ಹಳ್ಳಿಯ ಮಕ್ಕಳಿಗೂ ಕಜ್ಜಿ ಇತ್ತು.

ಗ್ಲಾಡಿಸ್ ಇದರಿಂದ ತೆಗೆದುಕೊಂಡ ತೀರ್ಮಾನ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಹಳ್ಳಿಯ ಮಗುವಿನ ಕಜ್ಜಿ ವಾಸಿಯಾಗದೆ ಗೊರಿಲ್ಲಾ ಮರಿಯ ಕಜ್ಜಿ ವಾಸಿಯಾಗುವುದಿಲ್ಲ. 2003ರಲ್ಲಿ ಅವರು ಸಂಗಾತಿಗಳ ಜೊತೆ ಸಂಸ್ಥೆಯೊಂದನ್ನು ಕಟ್ಟಿದರು. ಅದು ಮನುಷ್ಯರ ಆರೋಗ್ಯ, ಗೊರಿಲ್ಲಾಗಳ ಆರೋಗ್ಯ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುತ್ತದೆ. ಊರಿನ ಸ್ವಯಂಸೇವಕರು ಮನೆಮನೆಗೆ ಹೋಗಿ ಕೈ ತೊಳೆಯುವುದು, ಶೌಚಾಲಯ, ಕ್ಷಯದ ಕೆಮ್ಮು, ಕುಟುಂಬ ಯೋಜನೆ ಎಲ್ಲದರ ಬಗ್ಗೆ ಮಾತಾಡುತ್ತಾರೆ. ಹೊಲಕ್ಕೆ ಗೊರಿಲ್ಲಾ ಬಂದರೆ ಏನು ಮಾಡಬೇಕೆಂದೂ ಅವರೇ ಹೇಳುತ್ತಾರೆ.

ಗೊರಿಲ್ಲಾಗಳಿಗೆ ಕೋವಿಡ್ ಬರುತ್ತದೆ ಎಂಬುದೂ ಬರೀ ಊಹೆಯಲ್ಲ. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದ ಸಫಾರಿ ಪಾರ್ಕಿನ ಗೊರಿಲ್ಲಾಗಳಿಗೆ ಅದು ತಗುಲಿತ್ತು.

ಇಷ್ಟು ಭಯ ಇದ್ದರೂ ಪ್ರವಾಸಿಗರನ್ನು ಯಾಕೆ ಬಿಡುತ್ತಾರೆ?

ಅವರ ದುಡ್ಡಿಲ್ಲದೆ ಕಾವಲು ನಡೆಯುವುದಿಲ್ಲ, ಅದಕ್ಕೆ. ಬ್ವಿಂಡಿಯಲ್ಲಿ ಗೊರಿಲ್ಲಾ ನೋಡುವ ಪ್ರವಾಸ ಶುರುವಾದದ್ದು 1993ರಲ್ಲಿ, ಮುಬಾರೆ ಎಂಬ ಗುಂಪಿನಿಂದ. ಒಂದು ಗುಂಪಿಗೆ ಮನುಷ್ಯರನ್ನು ಅಭ್ಯಾಸ ಮಾಡಿಸಲು ಎರಡು ವರ್ಷವಾದರೂ ಬೇಕು. ದಿನಾ ಹೋಗಿ, ದೂರ ಕೂತು, ಸುಮ್ನೆ ವಾಪಸ್ ಬರಬೇಕು. ಬ್ವಿಂಡಿಯ ಸುಮಾರು ಅರ್ಧದಷ್ಟು ಗೊರಿಲ್ಲಾಗಳು ಈಗ ಹೀಗೆ ಮನುಷ್ಯರನ್ನು ಸಹಿಸುತ್ತವೆ. ಇದರಿಂದ ಒಂದು ಲಾಭ ಇದೆ. ಪ್ರತಿದಿನ ಯಾರೋ ಒಬ್ಬರು ಆ ಗುಂಪನ್ನು ನೋಡಿ ಬರುತ್ತಾರೆ. ಕೈಗೆ ಉರುಳು ಸಿಕ್ಕಿದ್ದರೆ, ಮೂಗು ಸೋರುತ್ತಿದ್ದರೆ ಅವತ್ತೇ ಡಾಕ್ಟರಿಗೆ ಗೊತ್ತಾಗುತ್ತದೆ. ಆದರೆ ಕಾಯಿಲೆ ಹತ್ತುವ ದಾರಿಯೂ ಅದೇ.

ಅದಕ್ಕೆ ನಿಯಮಗಳು ಬಿಗಿ. ಒಂದು ಗುಂಪಿಗೆ ದಿನಕ್ಕೆ ಎಂಟು ಜನ, ಒಂದೇ ಗಂಟೆ. 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಇಲ್ಲ. ಮೊದಲು ಏಳು ಮೀಟರ್ ದೂರ ಇರಬೇಕಿತ್ತು, ಕೋವಿಡ್ ನಂತರ ಅದನ್ನು ಹತ್ತು ಮಾಡಿದರು, ಮಾಸ್ಕ್ ಕಡ್ಡಾಯ ಮಾಡಿದರು.

ಈ ಆದಾಯವನ್ನೇ ಪೂರ್ತಿ ನಂಬುವುದೂ ಕಷ್ಟ. 1999ರ ಮಾರ್ಚ್‌ನಲ್ಲಿ ರುವಾಂಡಾದ ಬಂಡುಕೋರರು ಗಡಿ ದಾಟಿ ಬಂದು ಬ್ವಿಂಡಿಯಲ್ಲಿ ಎಂಟು ವಿದೇಶಿ ಪ್ರವಾಸಿಗರನ್ನೂ ಉದ್ಯಾನದ ಒಬ್ಬ ವಾರ್ಡನ್‌ನನ್ನೂ ಕೊಂದರು. ಪ್ರವಾಸ ಕುಸಿದುಬಿತ್ತು. 2020ರಲ್ಲಿ ಮತ್ತೆ ಹಾಗೇ ಆಯಿತು.

ಹಳ್ಳಿಯವರಿಗೆ ಏನು ಸಿಗುತ್ತದೆ?

ಉದ್ಯಾನದ ಪ್ರವೇಶ ಶುಲ್ಕದಲ್ಲಿ ಶೇ 20ರಷ್ಟು ಪಕ್ಕದ ಹಳ್ಳಿಗಳಿಗೆ ಹೋಗುತ್ತದೆ. ಪ್ರತಿ ಗೊರಿಲ್ಲಾ ಟಿಕೆಟ್‌ನಿಂದಲೂ ಒಂದು ಸಣ್ಣ ಪಾಲು ಇದೆ. ಶಾಲೆ, ರಸ್ತೆ, ಮೇಕೆ ಸಾಕಾಣಿಕೆ ಇಂಥವಕ್ಕೆ ಬಳಸುತ್ತಾರೆ. ಕೆಲವು ಕಡೆ ಕಾಡಿನೊಳಗೆ ಜೇನುಪೆಟ್ಟಿಗೆ ಇಡಲು, ಔಷಧದ ಗಿಡ, ಬುಟ್ಟಿ ಹೆಣೆಯುವ ಬಳ್ಳಿ ತರಲು ಅನುಮತಿ ಇದೆ.

ನಷ್ಟ ಮಾತ್ರ ಕಾಡಂಚಿನ ಮನೆಗೇ. ಗೊರಿಲ್ಲಾಗೆ ಬಾಳೆಹಣ್ಣಿಗಿಂತ ಬಾಳೆದಿಂಡು ಇಷ್ಟ. ನಾವು ಪಲ್ಯ ಮಾಡುತ್ತೇವಲ್ಲ, ಅದೇ ದಿಂಡು. ಹಣ್ಣು ಕಿತ್ತರೆ ಗೊನೆ ಹೋಯಿತು ಅಷ್ಟೇ. ದಿಂಡಿಗಾಗಿ ಸೀಳಿದರೆ ಗಿಡವೇ ಹೋಯಿತು. ಊರಿನ ಸ್ವಯಂಸೇವಕರ ತಂಡಗಳಿವೆ, ‘ಹ್ಯೂಗೋ’ ಎನ್ನುತ್ತಾರೆ. ಗೊರಿಲ್ಲಾ ಹೊಲಕ್ಕೆ ಇಳಿದರೆ ಇವರು ಕಲ್ಲು ಹೊಡೆಯದೆ, ಗದ್ದಲ ಮಾಡಿ ನಿಧಾನಕ್ಕೆ ಕಾಡಿನ ಕಡೆ ತಿರುಗಿಸುತ್ತಾರೆ. 150 ಕಿಲೋಗೂ ಹೆಚ್ಚು ತೂಗುವ ಗಂಡಿನ ಎದುರು ಬರಿಗೈಯಲ್ಲಿ ನಿಲ್ಲುವುದು ಸಣ್ಣ ಮಾತಲ್ಲ. ನ್ಕುರಿಂಗೋ ಎಂಬ ಊರಿನ ಕಡೆ ಕಾಡಂಚಿನ ಉದ್ದಕ್ಕೂ ಸುಮಾರು 12 ಕಿ.ಮೀ ಪಟ್ಟಿಯ ಜಮೀನನ್ನು ಕೊಂಡು ಕಾಡಿಗೂ ಹೊಲಕ್ಕೂ ನಡುವೆ ಬಿಡುವಿನ ಜಾಗ ಮಾಡುವ ಕೆಲಸ ನಡೆದಿದೆ. ಗೊರಿಲ್ಲಾ ತಿನ್ನದ ಬೆಳೆ ಅಂದರೆ ಚಹಾ, ಅದನ್ನೂ ಹಾಕಿದ್ದಾರೆ. ಕಾಡಂಚಿನ ರೈತರ ಕಾಫಿಯನ್ನು ಒಳ್ಳೆ ಬೆಲೆಗೆ ಕೊಳ್ಳುವ ಒಂದು ಉದ್ಯಮವನ್ನೂ ಗ್ಲಾಡಿಸ್ 2015ರಲ್ಲಿ ಶುರುಮಾಡಿದರು. ಕೊಡಗು, ಚಿಕ್ಕಮಗಳೂರಿನವರಿಗೆ ಬೆಲೆಯ ಮಹತ್ವ ಬೇರೆ ಹೇಳಬೇಕಿಲ್ಲ. ಕಾಫಿಗೆ ರೇಟು ಬಿದ್ದ ವರ್ಷ ಕಾಡಿನ ಮೇಲೆ ಒತ್ತಡ ಏರುತ್ತದೆ.

ಆ ಕಾಡಿನಲ್ಲಿ ಮೊದಲಿನಿಂದ ಇದ್ದ ಜನ ಯಾರು? ಅವರೇನಾದರು?

ಬಟ್ವಾ ಜನ. ಬೇಟೆ, ಜೇನು, ಗೆಡ್ಡೆ, ಗುಹೆ, ಗುಡಿಸಲು ಎಲ್ಲವೂ ಆ ಕಾಡಿನಲ್ಲೇ. 1991ರಲ್ಲಿ ಉದ್ಯಾನ ಘೋಷಣೆಯಾದಾಗ ಅವರನ್ನು ಹೊರಗೆ ಹಾಕಿದರು. ಬಟ್ವಾಗಳ ಹತ್ತಿರ ನೆಲದ ಕಾಗದಪತ್ರ ಇರಲಿಲ್ಲ. ಜಾಗ ಸಿಗಲಿಲ್ಲ, ಪರಿಹಾರವೂ ಸಿಗಲಿಲ್ಲ. ಹೆಚ್ಚಿನವರು ಬೇರೆಯವರ ಹೊಲದಲ್ಲಿ ಕೂಲಿಗೆ ಬಿದ್ದರು. ಕಾಡಿನ ಔಷಧ ತಿಳಿದಿದ್ದವರ ಮಕ್ಕಳು ಔಷಧವಿಲ್ಲದೆ ನರಳಿದರು.

ನಾಗರಹೊಳೆಯ ಹಾಡಿಗಳಿಂದ ಜೇನುಕುರುಬರನ್ನು ಹೊರಗೆ ಕಳಿಸಿದ ಕಥೆ ಗೊತ್ತಿರುವವರಿಗೆ ಇದು ಹೊಸದಾಗಿ ಕೇಳಿಸುವುದಿಲ್ಲ.

ಬಟ್ವಾಗಳು 2013ರಲ್ಲಿ ಕೋರ್ಟಿಗೆ ಹೋದರು. 2021ರ ಆಗಸ್ಟ್‌ನಲ್ಲಿ ಉಗಾಂಡದ ಸಾಂವಿಧಾನಿಕ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಪರಿಹಾರ ಕೊಡದೆ ಹೊರಗೆ ಹಾಕಿದ್ದು ತಪ್ಪು ಎಂದಿತು. ಸರ್ಕಾರ ಮೇಲ್ಮನವಿಗೆ ಹೋಯಿತು.

ಗೊರಿಲ್ಲಾ ಉಳಿಯಿತು ಎಂದು ಸಂತೋಷ ಪಡುವಾಗ ನಾನು ಈ ವಿಷಯ ಬಿಟ್ಟು ಮಾತಾಡಲಾರೆ. ಆ ಕಾಡು 1991ರವರೆಗೆ ಉಳಿದಿದ್ದಕ್ಕೆ ಬಟ್ವಾಗಳ ಬದುಕಿನ ರೀತಿಯೂ ಕಾರಣ. ಕಾಡು ಕಡಿದು ಹೊಲ ಮಾಡಿದವರು ಅವರಲ್ಲ. ಈಗ ಕೆಲವು ಬಟ್ವಾಗಳು ಪ್ರವಾಸಿಗರಿಗೆ ತಮ್ಮ ಹಳೆಯ ಬದುಕನ್ನು ಆಡಿ ತೋರಿಸಿ ಒಂದಿಷ್ಟು ದುಡಿಯುತ್ತಾರೆ. ಪರಿಹಾರ ಎಂದರೆ ಅದಲ್ಲ. ನೆಲ ಕೊಡಬೇಕು.

ಮೈಸೂರು ಮೃಗಾಲಯದಲ್ಲಿ ಇರುವುದು ಇದೇ ಗೊರಿಲ್ಲಾನಾ?

ಅಲ್ಲ. ಮೈಸೂರಿನ ಪೋಲೊ ನೆನಪಿದೆಯಾ? ವರ್ಷಗಟ್ಟಲೆ ಒಂಟಿಯಾಗಿದ್ದು 2014ರಲ್ಲಿ ತೀರಿಕೊಂಡ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡುಗಳು ಬಂದವು. ಇವೆಲ್ಲ ಪಶ್ಚಿಮದ ತಗ್ಗುನಾಡಿನ ಗೊರಿಲ್ಲಾಗಳು. ಬೆಟ್ಟದ ಗೊರಿಲ್ಲಾ ಪ್ರಪಂಚದ ಯಾವ ಮೃಗಾಲಯದಲ್ಲೂ ಇಲ್ಲ. ಕಾಡಿನಲ್ಲಿ ಹೋದರೆ ಪೂರ್ತಿ ಹೋದಂತೆ.

ಗೊರಿಲ್ಲಾಗಳು ಇನ್ನೂ ಜಾಸ್ತಿಯಾದರೆ ಜಾಗ ಸಾಲುತ್ತದಾ?

ಕಾಡು ಬೆಳೆಯುವುದಿಲ್ಲ, ಗುಂಪುಗಳು ಬೆಳೆಯುತ್ತಿವೆ. ಗುಂಪುಗಳು ಹತ್ತಿರ ಬಂದಷ್ಟೂ ಗಂಡುಗಳ ಜಗಳ, ಮರಿಗಳ ಸಾವು ಏರುತ್ತವೆ. ವಿರುಂಗಾದಲ್ಲಿ ಇದು ಈಗಾಗಲೇ ಕಾಣಿಸಿದೆ. ಒಂದರಿಂದ ಒಂದಕ್ಕೆ ಕಾಯಿಲೆಯೂ ಬೇಗ ಹರಡುತ್ತದೆ. ಬ್ವಿಂಡಿಯಲ್ಲಿ ಗೊರಿಲ್ಲಾಗಳು ಕಡಿಮೆ ಬಳಸುವ ಜಾಗಗಳು ಇನ್ನೂ ಇವೆ. ಆದರೆ ಅಂಚಿಗೆ ಬಂದ ಗುಂಪು ಹೊಲಕ್ಕೆ ಇಳಿಯುತ್ತದೆ, ಮನುಷ್ಯರಿಗೆ ಹತ್ತಿರವಾಗುತ್ತದೆ. ಕಾಡಂಚಿನಲ್ಲಿ ಜಮೀನು ಕೊಂಡು ಒಂದಿಷ್ಟು ಜಾಗ ಬಿಡಿಸುವುದು, ರೈತರಿಗೆ ಬೆಳೆ ನಷ್ಟ ಬೇಗ ಕೊಡುವುದು, ಇವೆರಡೇ ನನಗೆ ಕಾಣುವ ದಾರಿ. ಎರಡಕ್ಕೂ ದುಡ್ಡು ಬೇಕು.

ಕರ್ನಾಟಕದಿಂದ ಹೋಗಿ ನೋಡಬೇಕೆಂದರೆ?

ವಿದೇಶಿಯರಿಗೆ ಟಿಕೆಟ್ 2024ರ ಜುಲೈನಿಂದ 800 ಡಾಲರ್. ನಮ್ಮ ದುಡ್ಡಿನಲ್ಲಿ 65 ಸಾವಿರಕ್ಕೂ ಜಾಸ್ತಿ. ರುವಾಂಡಾದಲ್ಲಿ 2017ರಿಂದ 1,500 ಡಾಲರ್. ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆಗಿರಬೇಕು, ಸರ್ಟಿಫಿಕೇಟ್ ಕೈಯಲ್ಲಿರಬೇಕು. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಗುಡ್ಡ ಹತ್ತಿ ಇಳಿಯುವುದು ಕೆಲವೊಮ್ಮೆ ಒಂದು ಗಂಟೆ, ಕೆಲವೊಮ್ಮೆ ಇಡೀ ದಿನ. ಸಾಮಾನು ಹೊರಲು ಊರಿನ ಕೂಲಿಯವರು ಸಿಗುತ್ತಾರೆ. ನಿಮಗೆ ಶಕ್ತಿ ಇದ್ದರೂ ಒಬ್ಬರನ್ನು ಕರೆದುಕೊಳ್ಳಿ. ಆ ದುಡ್ಡು ನೇರವಾಗಿ ಕಾಡಂಚಿನ ಮನೆಗೆ ಹೋಗುತ್ತದೆ.

ಅಷ್ಟು ದೂರ ಹೋದಮೇಲೆ ಸ್ವಲ್ಪ ನೆಗಡಿ ಬಂತು. ಹೋಗಬಹುದಾ?

ಬೇಡ. ಮಾತ್ರೆ ನುಂಗಿ, ಮುಚ್ಚಿಟ್ಟು ಹೋಗಬೇಡಿ. ಬೆಳಗ್ಗೆ ಹೊರಡುವ ಮೊದಲೇ ರೇಂಜರ್‌ಗೆ ಹೇಳಿ. ಟಿಕೆಟ್ ದುಡ್ಡಿನಲ್ಲಿ ಏನಾದರೂ ವಾಪಸ್ ಸಿಗುತ್ತದಾ ಎಂದು ಅಲ್ಲೇ ಕೇಳಿ. ಸಿಗದಿದ್ದರೂ ಅವತ್ತು ಲಾಡ್ಜಿನಲ್ಲೇ ಉಳಿಯಿರಿ. ಕಾಡಂಚಿನ ಮರಗಳಲ್ಲಿ ಕರಿ-ಬಿಳಿ ಕೋತಿಗಳು ಬರುತ್ತವೆ, ಹಕ್ಕಿಗಳಂತೂ ನೂರಾರು ಬಗೆ. ಜಗಲಿಯಲ್ಲಿ ಕೂತು ನೋಡಿ.